ಟಿಡಿಎಸ್ ಸೆನ್ಸರ್ ರಿವ್ಯೂ: ಹತ್ತು ಸೆಕೆಂಡ್ ಕಾಯೋ ತಾಳ್ಮೆ ಇದ್ರೆ ಒಳ್ಳೇ ಮಾಲು

ಎಂಟು ತಿಂಗಳಾಯ್ತು ಇದನ್ನ ತಗೊಂಡು. ತಗೊಂಡ ವಾರಕ್ಕೇ ರಿವ್ಯೂ ಬರ್ದಿದ್ರೆ ಒಂದು ಸ್ಟಾರ್ ಕೊಟ್ಟು ಚೆನ್ನಾಗಿ ಬೈದಿರ್ತಿದ್ದೆ, ಈಗ ಮೂರೂವರೆ ಅನ್ನಿಸ್ತಿದೆ, ಆ ಎರಡೂವರೆ ಸ್ಟಾರ್ ಜಾಸ್ತಿ ಆಗಿದ್ದು ಸೆನ್ಸರ್ ಬದಲಾಗಿ ಅಲ್ಲ, ನಾನು ಅದನ್ನ ಓದೋ ರೀತಿ ಬದಲಾಗಿ.

ವಸ್ತು ಏನಂದ್ರೆ ಅನಲಾಗ್ ಟಿಡಿಎಸ್ ಸೆನ್ಸರ್, ಅಂದ್ರೆ ನೀರಲ್ಲಿ ಕರಗಿರೋ ಉಪ್ಪಿನಂಶ ಅಳೆಯೋದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬೋರ್ಡ್, ಅದ್ರಿಂದ ಒಂದು ಕೇಬಲ್, ಕೇಬಲ್ ತುದೀಲಿ ಎರಡು ಲೋಹದ ಕಡ್ಡಿ ಇರೋ ಪ್ರೋಬ್. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಾವಿರದೊಳಗೆ ಸಿಕ್ತು. ಕಂಪನಿ ಹೆಸ್ರು, ಅಂಗಡಿ ಹೆಸ್ರು ಹೇಳಲ್ಲ, ಯಾಕಂದ್ರೆ ಇದೇ ಸರ್ಕ್ಯೂಟ್ ಹತ್ತು ಹೆಸರಲ್ಲಿ ಮಾರ್ತಾರೆ, ಎಲ್ಲಾದ್ರ ಗುಣಾನೂ ಹೆಚ್ಚುಕಮ್ಮಿ ಒಂದೇ. 3.3ರಿಂದ 5.5 ವೋಲ್ಟ್ ಕೊಡ್ಬೇಕು, 0ರಿಂದ 2.3 ವೋಲ್ಟ್ ಔಟ್‌ಪುಟ್ ಬರತ್ತೆ, 3ರಿಂದ 6 ಮಿಲಿಆಂಪ್ ಕರೆಂಟ್ ಎಳಿಯತ್ತೆ, 1000 ಪಿಪಿಎಂ (ಲೀಟರಿಗೆ ಹೆಚ್ಚುಕಮ್ಮಿ ಅಷ್ಟೇ ಮಿಲಿಗ್ರಾಂ) ತನಕ ಅಳೆಯತ್ತೆ. ಜೊತೆಗೆ ಬರೋ ಕಾಗದದಲ್ಲಿ ಇಷ್ಟು ಇದೆ. ಕರೆಂಟ್ ಕೊಟ್ಟ ಮೇಲೆ ಎಷ್ಟು ಹೊತ್ತು ಕಾದು ರೀಡಿಂಗ್ ತಗೋಬೇಕು ಅಂತ ಒಂದಕ್ಷರ ಇಲ್ಲ. ಅಂಗಡಿಯವ್ರನ್ನ ಕೇಳಿದ್ರೆ "ಪ್ಲಗ್ ಅಂಡ್ ಪ್ಲೇ ಸಾರ್, ಹಾಕಿ ನೋಡಿ ಅಷ್ಟೇ" ಅಂದ್ರು.

ಇದು ಯಾಕೆ ಬೇಕಾಯ್ತು ಅಂದ್ರೆ, ಶ್ರೀನಿವಾಸಪುರದ ಕಡೆ ನಮ್ಮ ಮಾವನ ತೋಟ, ಬೋರು 1200 ಅಡಿ, ಅದ್ರ ನೀರು 640 ಪಿಪಿಎಂ ಆಸುಪಾಸು. ಪಕ್ಕದಲ್ಲಿ ಶೀಟ್ ಹಾಸಿದ ಕೃಷಿ ಹೊಂಡ ಇದೆ, ಮಳೆ ನೀರು ಅಲ್ಲಿ ನಿಲ್ಲತ್ತೆ, ತ್ರೀ ಫೇಸ್ ಕರೆಂಟ್ ಬಂದಾಗ ಬೋರಿನ ನೀರನ್ನೂ ಅದಕ್ಕೇ ಬಿಟ್ಕೋತಾರೆ, ಅಲ್ಲಿಂದ ಡ್ರಿಪ್ಪಿಗೆ ಹೋಗತ್ತೆ. ಟೊಮೇಟೊ ಉಪ್ಪು ನೀರನ್ನ ಸ್ವಲ್ಪ ತಡ್ಕೊಳತ್ತೆ, ಬೀನ್ಸ್ ತಡ್ಕೊಳಲ್ಲ. ನೀರಿನ ಇಸಿ (ನೀರಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯತ್ತೆ ಅನ್ನೋ ಅಳತೆ) 0.7 ದಾಟಿದ್ರೆ ಬೀನ್ಸಿನ ಇಳುವರಿ ಇಳೀತಾ ಹೋಗತ್ತೆ, ಈ ಸೆನ್ಸರ್ ಲೆಕ್ಕದಲ್ಲಿ ಅದು 350 ಪಿಪಿಎಂ. ಅಂದ್ರೆ ಹೊಂಡದಲ್ಲಿ ಮಳೆ ನೀರು ಎಷ್ಟು, ಬೋರ್ ನೀರು ಎಷ್ಟು ಅನ್ನೋ ಹದ ಗೊತ್ತಿರ್ಬೇಕು. ನಾನು ಬೆಂಗಳೂರಲ್ಲಿ ಇರೋನು, ಫೋನಲ್ಲಿ ನಂಬರ್ ನೋಡಿ ಮಾವಂಗೆ "ಇವತ್ತು ಬೋರ್ ಬಿಡ್ಬೇಡಿ" ಅಂತ ಹೇಳೋಣ ಅಂತ ಆಸೆ. ಹೊಂಡದ ಏರಿ ಮೇಲೆ ಕರೆಂಟ್ ಪಾಯಿಂಟ್ ಇಲ್ಲ, ತೋಟದ ಮನೆ ವೈಫೈ ಏದುಸಿರು ಬಿಟ್ಕೊಂಡು ಅಲ್ಲಿ ತನಕ ಬರತ್ತೆ. ಹಾಗಾಗಿ ವೈಫೈ ಇರೋ ಪುಟ್ಟ ಕಂಪ್ಯೂಟರ್ ಚಿಪ್ಪಿನ ಒಂದು ಇಎಸ್‌ಪಿ32 ಬೋರ್ಡ್, 2500 ಎಂಎಎಚ್‌ನ ಒಂದು 18650 ಲಿಥಿಯಂ ಸೆಲ್, ನೀರಿನ ಉಷ್ಣಾಂಶಕ್ಕೆ ಒಂದು ಡಿಎಸ್18ಬಿ20, ಈ ಸೆನ್ಸರ್, ಇಷ್ಟನ್ನೂ ಒಂದು ಪ್ಲಾಸ್ಟಿಕ್ ಡಬ್ಬೀಲಿ ತುಂಬಿ ಏರಿ ಮೇಲೆ ಕಂಬಕ್ಕೆ ಕಟ್ಟಿ ಬಂದೆ.

ಎಲ್ಲಾ ಸದಾ ಆನ್. ಮಾರನೇ ದಿನ ಸಂಜೆ ಒಳಗೆ ಸೆಲ್ ಖಾಲಿ. ಇದು ನನ್ನದೇ ತಪ್ಪು, ವೈಫೈ ಆನ್ ಇಟ್ಟು ಕೂತ್ರೆ ಸರಾಸರಿ ನೂರು ಮಿಲಿಆಂಪ್ ಹತ್ರ ಹೋಗತ್ತೆ, 2500ನ್ನ ನೂರರಿಂದ ಭಾಗಿಸೋಕೆ ಇಂಜಿನಿಯರೇ ಆಗ್ಬೇಕಿಲ್ಲ.

ಸರಿ ಅಂತ ಡೀಪ್ ಸ್ಲೀಪ್ ಹಾಕ್ದೆ, ಅಂದ್ರೆ ಕೆಲ್ಸ ಇಲ್ದಾಗ ಚಿಪ್ಪನ್ನ ಹೆಚ್ಚುಕಮ್ಮಿ ಪೂರ್ತಿ ಮಲಗ್ಸೋದು. ಡೀಪ್ ಸ್ಲೀಪಲ್ಲಿ ಈ ಚಿಪ್ಪು ಹತ್ತು ಮೈಕ್ರೋಆಂಪ್ ಅಷ್ಟೇ ತಗೋಳೋದು, ವರ್ಷಗಟ್ಟಲೆ ಬರತ್ತೆ ಅಂತ ಲೆಕ್ಕ ಹಾಕಿ ಖುಷಿಯಾಗಿ ಬಂದೆ, ಒಂಬತ್ತನೇ ದಿನ ಮತ್ತೆ ಮೌನ. ಈ ಸಲ ಮಲ್ಟಿಮೀಟರ್ ತಗೊಂಡು ಹೋಗಿ ನೋಡಿದ್ರೆ ಮಲಗಿರೋವಾಗ್ಲೇ 12 ಮಿಲಿಆಂಪ್ ಹೋಗ್ತಿದೆ. ಚಿಪ್ಪು ಮಲಗಿದೆ ನಿಜ, ಆದ್ರೆ ಮನೆಯವ್ರೆಲ್ಲಾ ಎದ್ದು ಕೂತಿದಾರೆ. ಬೋರ್ಡಿನ ಮೇಲಿರೋ, ವೋಲ್ಟೇಜನ್ನ ಒಂದೇ ಮಟ್ಟದಲ್ಲಿ ಇಡೋ ಎಎಂಎಸ್1117 ರೆಗ್ಯುಲೇಟರ್ ಸುಮ್ನೆ ಕೂತ್ಕೊಂಡೇ 5 ಮಿಲಿಆಂಪ್ ತಿನ್ನತ್ತೆ, ಕೆಂಪು ಎಲ್‌ಇಡಿ ಒಂದೆರಡು ತಿನ್ನತ್ತೆ, ಉಳಿದಿದ್ದು ನಮ್ಮ ಸೆನ್ಸರ್, ಯಾರೂ ಓದದೇ ಇದ್ರೂ ದಿನದ 24 ಗಂಟೆ ನೀರಿಗೆ ಸಿಗ್ನಲ್ ಕೊಡ್ತಾ ಕೂತಿದೆ. ಕರೆಂಟ್ ಹೋಗೋದು ಒಂದು ಕಡೆ, ಬೋರಿನ ಗಡಸು ನೀರಲ್ಲಿ ಪ್ರೋಬ್ ಸದಾ ಆನ್ ಇದ್ದಾಗ ಕಡ್ಡಿ ಮೇಲೆ ಬಿಳಿ ಪೊರೆ ಬೇಗ ಕಟ್ಟತ್ತೆ ಅಂತ ನಂಗೆ ಅನ್ನಿಸಿದೆ, ಪಕ್ಕಾ ಹೇಳೋಕಾಗಲ್ಲ.

ಹಾಗಾಗಿ ಸೆನ್ಸರ್‌ಗೆ ಬೇಕಾದಾಗ ಮಾತ್ರ ಕರೆಂಟ್ ಕೊಡೋಣ ಅಂತ ಚಿಪ್ಪಿನ ಪಿನ್ ಹೇಳ್ದಂಗೆ ಆನ್ ಆಫ್ ಆಗೋ ಸ್ವಿಚ್ಚು, ಪಿ ಚಾನೆಲ್ ಮಾಸ್‌ಫೆಟ್ ಹಾಕ್ದೆ. ಇಲ್ಲೇ ಅಸಲಿ ತಮಾಷೆ ಶುರು ಆಗಿದ್ದು.

ಒಂದು ದಿನ 0, ಒಂದು ದಿನ 190, ಆಮೇಲೆ 410, ಮತ್ತೆ 0. ಹೊಂಡ ಅದೇ, ನೀರು ಅದೇ. ಸೆನ್ಸರ್ ಕೆಟ್ಟೋಯ್ತು ಅಂತ ವಾಪಸ್ ಕೊಡೋಕೆ ಡಬ್ಬಿ ಕೂಡ ಹುಡುಕಿ ಇಟ್ಟಿದ್ದೆ. ಆಮೇಲೆ ಒಂದು ರಾತ್ರಿ ಬಕೆಟ್ಟಲ್ಲಿ ಬೋರ್ ನೀರು ಇಟ್ಕೊಂಡು, ಕರೆಂಟ್ ಕೊಟ್ಟ ಕ್ಷಣದಿಂದ ಸೆಕೆಂಡಿಗೆ ಹತ್ತು ಸಲ ರೀಡಿಂಗ್ ಪ್ರಿಂಟ್ ಮಾಡಿ ನೋಡ್ದೆ. ಇಡೀ ರಿವ್ಯೂನಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳೋದಾದ್ರೆ ಈ ಪರೀಕ್ಷೆ ನೆನಪಿಟ್ಕೊಳಿ, ಯಾವ ಸೆನ್ಸರ್ ತಗೊಂಡ್ರೂ ಮೊದ್ಲು ಇದನ್ನ ಮಾಡಿ. ನನ್ನದು ಮೊದ್ಲು ಸೊನ್ನೆ, ಅರ್ಧ ಸೆಕೆಂಡಿಗೆ ಏರೋಕೆ ಶುರು, ಒಂದೂವರೆಗೆ 580, ಮೂರು ಸೆಕೆಂಡಿಗೆ 630, ಆಮೇಲೆ ತೆವಳ್ಕೊಂಡು ಹೋಗಿ ಏಳೆಂಟು ಸೆಕೆಂಡಿಗೆ 640ರಲ್ಲಿ ನಿಲ್ತು. ನಾನು ಕೋಡಲ್ಲಿ ಕಾಯ್ತಿದ್ದಿದ್ದು 200 ಮಿಲಿಸೆಕೆಂಡ್! ಅಡುಗೆ ಒಲೆ ಮೇಲಿಟ್ಟ ತಕ್ಷಣ ಉಪ್ಪು ನೋಡ್ದಂಗೆ.

ವಾರ್ಮ್ ಅಪ್ ಅಂತಾರಲ್ಲ, ಇಲ್ಲಿ ಬಿಸಿಯಾಗೋದು ಏನೂ ಇಲ್ಲ. ಈ ಬೋರ್ಡು ಪ್ರೋಬಿಗೆ ಎಸಿ ಸಿಗ್ನಲ್ ಕೊಡತ್ತೆ, ಡಿಸಿ ಕೊಟ್ರೆ ಕಡ್ಡಿಗಳ ಹತ್ರ ಅಯಾನುಗಳು ಗುಂಪು ಕಟ್ಕೊಂಡು ರೀಡಿಂಗ್ ಜಾರತ್ತೆ, ಕಡ್ಡಿನೂ ಸವೆಯತ್ತೆ, ಅದಕ್ಕೆ. ಆ ಎಸಿ ಹುಟ್ಟಿಸೋ ಭಾಗ ಒಂದು ಹದಕ್ಕೆ ಬರ್ಬೇಕು, ವಾಪಸ್ ಬಂದಿದ್ದನ್ನ ಸಮ ಮಾಡೋ ಕೆಪಾಸಿಟರ್ ತುಂಬ್ಬೇಕು, ಕಡ್ಡಿ ಮತ್ತೆ ನೀರು ಸೇರೋ ಜಾಗನೂ ಒಂದು ಸ್ಥಿತಿಗೆ ನಿಲ್ಬೇಕು. ಇಷ್ಟಕ್ಕೂ ಸೇರಿ ಆ ಏಳೆಂಟು ಸೆಕೆಂಡ್. ನಾನು ಹತ್ತು ಇಟ್ಟಿದೀನಿ.

ಇನ್ನೊಂದು ಬಲೆ ಇದೆ, ಅದು ಸೆನ್ಸರ್‌ದಲ್ಲ, ಎಲ್ಲರೂ ಕಾಪಿ ಮಾಡೋ ಸ್ಯಾಂಪಲ್ ಕೋಡ್‌ದು. ಅದು 40 ಮಿಲಿಸೆಕೆಂಡಿಗೊಂದು ಸ್ಯಾಂಪಲ್ ತಗೊಂಡು 30 ಸ್ಯಾಂಪಲ್‌ಗಳ ಮಧ್ಯದ ಬೆಲೆ ಆರಿಸತ್ತೆ, ಅಂದ್ರೆ ಬುಟ್ಟಿ ತುಂಬೋಕೇ 1.2 ಸೆಕೆಂಡ್ ಬೇಕು, ಆದ್ರೆ ಪ್ರಿಂಟ್ ಮಾಡೋದು 800 ಮಿಲಿಸೆಕೆಂಡಿಗೆ. ಮೊದಲ ಪ್ರಿಂಟ್ ಹೊತ್ತಿಗೆ ಬುಟ್ಟೀಲಿ ಹತ್ತು ಸೊನ್ನೆ ಕೂತಿರತ್ತೆ. ಸದಾ ಆನ್ ಇರೋ ಯಂತ್ರದಲ್ಲಿ ಇದು ಯಾರ ಕಣ್ಣಿಗೂ ಬೀಳಲ್ಲ, ಎರಡನೇ ಪ್ರಿಂಟಿಗೆ ಸರಿಹೋಗತ್ತೆ. ನಮ್ಮಂಗೆ ಎದ್ದು ಒಂದೇ ರೀಡಿಂಗ್ ತಗೊಂಡು ಮಲಗೋರಿಗೆ ಪ್ರತಿ ಸಲ ಮೊದಲ ಪ್ರಿಂಟೇ ಸಿಗೋದು.

ಇಷ್ಟೆಲ್ಲಾ ಸರಿ ಮಾಡಿ ವಾಪಸ್ ಇಟ್ಟು ಬಂದ ಮೇಲೆ ಒಂದು ಬೆಳಗ್ಗೆ ಫೋನಲ್ಲಿ 285 ತೋರಿಸ್ತು, ನಾನೂ ಖುಷಿಗೆ ಮಾವಂಗೆ ಫೋನ್ ಮಾಡ್ದೆ.

"ಮಾವ, ರಾತ್ರಿ ಚೆನ್ನಾಗಿ ಮಳೆ ಬಂತಾ?"

"ಎಲ್ಲಿ ಮಳೆ ಅಳಿಯಂದ್ರೇ, ಮೋಡ ಕೂಡ ಇಲ್ಲ. ಯಾಕೆ?"

"ಹೊಂಡದ ನೀರು ಸಿಹಿ ಆಗ್ಬಿಟ್ಟಿದೆ ಅಂತ ತೋರಿಸ್ತಿದೆ."

"ನಿಮ್ಮ ಡಬ್ಬಿ ಬೆಲ್ಲ ತಿಂದಿರ್ಬೇಕು ನೋಡಿ."

ಆಗಿದ್ದೇನು ಅಂದ್ರೆ, ಡಿಎಸ್18ಬಿ20ಗೆ ಕರೆಂಟ್ ಕೊಟ್ಟ ತಕ್ಷಣ ಅದ್ರೊಳಗೆ ಇರೋ ನಂಬರ್ 85 ಡಿಗ್ರಿ, ಅದು ಅಳತೆ ಅಲ್ಲ, ಹುಟ್ಟಿದಾಗ್ಲೇ ಬರೋ ನಂಬರ್. 12 ಬಿಟ್‌ನಲ್ಲಿ ನಿಜವಾದ ಅಳತೆಗೆ 750 ಮಿಲಿಸೆಕೆಂಡ್ ಕಾಯ್ಬೇಕು, ನನ್ನ ಕೋಡು ಕಾಯ್ದೇ 85 ಎತ್ಕೊಂಡು ಬಂತು. ಟಿಡಿಎಸ್ ಲೆಕ್ಕದಲ್ಲಿ 25 ಡಿಗ್ರಿಗಿಂತ ಮೇಲೆ ಡಿಗ್ರಿಗೆ ಶೇಕಡಾ 2 ಕಳೀತೀವಿ, 85 ಅಂದ್ರೆ 60 ಡಿಗ್ರಿ ಜಾಸ್ತಿ, ವೋಲ್ಟೇಜನ್ನ 2.2ರಿಂದ ಭಾಗಿಸಿದಂಗಾಯ್ತು, 640 ಇದ್ದಿದ್ದು 285ಕ್ಕೆ ಇಳೀತು. ಕೃಷಿ ಹೊಂಡದ ನೀರು 85 ಡಿಗ್ರಿ ಇದ್ರೆ ಬೀನ್ಸ್ ಅಲ್ಲೇ ಬೆಂದು ಪಲ್ಯ ಆಗಿರ್ತಿತ್ತು. ಈಗ ಸರಿಯಾಗಿ 85 ಬಂದ್ರೆ ಎಸೆದು ಮತ್ತೆ ಓದು ಅಂತ ಒಂದು ಸಾಲು ಹಾಕಿದೀನಿ. ಟಿಡಿಎಸ್ ಹದಕ್ಕೆ ಬರೋ ಹತ್ತು ಸೆಕೆಂಡ್ ಒಳಗೇ ಈ 750 ಮಿಲಿಸೆಕೆಂಡ್ ಆರಾಮಾಗಿ ಮುಗಿಯತ್ತೆ, ಎರಡನ್ನೂ ಒಟ್ಟಿಗೇ ಆನ್ ಮಾಡಿದ್ರಾಯ್ತು.

ಮಾಸ್‌ಫೆಟ್ ಕಥೆನೂ ಹೇಳ್ಬಿಡ್ತೀನಿ. ಮೊದ್ಲು ಸೆನ್ಸರ್‌ಗೆ ನೇರ ಬ್ಯಾಟರಿಯಿಂದ ಮಾಸ್‌ಫೆಟ್ ಮೂಲಕ ಕೊಟ್ಟಿದ್ದೆ, ಬ್ಯಾಟರಿ ಫುಲ್ ಇದ್ದಾಗ 4.2 ವೋಲ್ಟ್, ಇಎಸ್‌ಪಿ32 ಪಿನ್ ಕೊಡೋದು 3.3. ಪಿ ಚಾನೆಲ್ ಪೂರ್ತಿ ಆಫ್ ಆಗ್ಬೇಕಂದ್ರೆ ಗೇಟು (ಪಿನ್ ಸೇರೋ ಕಾಲು) ಸೋರ್ಸಿನ (ಕರೆಂಟ್ ಒಳಗೆ ಬರೋ ಕಾಲು) ವೋಲ್ಟೇಜಿಗೆ ಬರ್ಬೇಕು, ಇಲ್ಲಿ 0.9 ವೋಲ್ಟ್ ಕಮ್ಮಿ ನಿಂತಿದೆ, ಅಷ್ಟು ಸಾಕು ಅದಕ್ಕೆ ಅರ್ಧ ಕಣ್ಣು ತೆರೆಯೋಕೆ. ಕತ್ತಲಲ್ಲಿ ಡಬ್ಬಿ ತೆಗೆದು ನೋಡ್ದಾಗ ಸೆನ್ಸರ್ ಬೋರ್ಡಿನ ಎಲ್‌ಇಡಿ ಮಿಣುಕು ಹುಳದಂಗೆ ಉರೀತಿತ್ತು, ಹಗಲಲ್ಲಿ ನೋಡಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಆಮೇಲೆ ಸೋರ್ಸನ್ನ 3.3ರ ಲೈನಿಗೆ ಬದಲಾಯ್ಸಿ, ಡೀಪ್ ಸ್ಲೀಪಲ್ಲಿ ಪಿನ್ ತೇಲ್ದಂಗೆ ಗೇಟನ್ನ ಅದೇ ಲೈನಿಗೆ ಎಳೆದು ಹಿಡಿಯೋ 100 ಕಿಲೋಓಮ್ ರೆಸಿಸ್ಟರ್ (ಪುಲ್ ಅಪ್) ಹಾಕ್ದೆ. ನಿಜ ಹೇಳ್ಬೇಕಂದ್ರೆ ಈ ಸೆನ್ಸರ್ ಒಂದೇ ಇದ್ರೆ ಮಾಸ್‌ಫೆಟ್ಟೇ ಬೇಡ, ಬರೀ 6 ಮಿಲಿಆಂಪ್, ಪಿನ್ನಿಂದಲೇ ನೇರ ಕೊಡಬಹುದು. ಟರ್ಬಿಡಿಟಿ (ನೀರಿನ ಕದಡು ಅಳೆಯೋ) ಸೆನ್ಸರ್ ಸೇರಿಸೋರು ಹಾಗೆ ಮಾಡ್ಬೇಡಿ, ಅದು 40 ಮಿಲಿಆಂಪ್ ತನಕ ಕೇಳತ್ತೆ, ಅದೂ 5 ವೋಲ್ಟಲ್ಲಿ.

ಈಗ ಹಣಕಾಸಿನ ವಿಷಯಕ್ಕೆ ಬರೋಣ, ಅಂದ್ರೆ ಮಿಲಿಆಂಪಿನ ಹಣಕಾಸು. ಹತ್ತು ಸೆಕೆಂಡ್ ಕಾಯೋದಾ, ಬ್ಯಾಟರಿ ಹೋಗತ್ತಲ್ಲ ಅಂತ ನನ್ನ ಸ್ನೇಹಿತ ಒಬ್ಬ ವಾದ ಮಾಡ್ದ, ಅವ್ನು ಎರಡು ಸೆಕೆಂಡಲ್ಲಿ ಮುಗಿಸ್ತಾನಂತೆ. ಲೆಕ್ಕ ನೋಡಿ. ಸೆನ್ಸರ್ 5 ಮಿಲಿಆಂಪ್, ಕಾಯೋ ಹೊತ್ತಲ್ಲಿ ಚಿಪ್ಪನ್ನ ಲೈಟ್ ಸ್ಲೀಪ್‌ನಲ್ಲಿ (ಅರೆನಿದ್ದೆ) ಇಟ್ರೆ ಅದು 1 ಮಿಲಿಆಂಪಿಗೂ ಕಮ್ಮಿ, ಲೈಟ್ ಸ್ಲೀಪಲ್ಲಿ ಪಿನ್ ಇದ್ದ ಹಾಗೇ ಇರತ್ತೆ ಹಾಗಾಗಿ ಸೆನ್ಸರ್ ಆಫ್ ಆಗಲ್ಲ. ಹತ್ತು ಸೆಕೆಂಡಿಗೆ 60 ಮಿಲಿಆಂಪ್ ಸೆಕೆಂಡ್. ಅದೇ ವೈಫೈ ಹುಡುಕಿ ಕನೆಕ್ಟ್ ಆಗಿ ಕಳ್ಸೋಕೆ ನಮ್ಮ ಹೊಂಡದ ಏರಿ ಮೇಲೆ 5 ಸೆಕೆಂಡ್, ಸರಾಸರಿ 120 ಮಿಲಿಆಂಪ್, ಅಂದ್ರೆ 600. ಹತ್ತು ಪಟ್ಟು! ಸೆನ್ಸರಿನ ಹತ್ತು ಸೆಕೆಂಡನ್ನ ಎರಡಕ್ಕೆ ಇಳ್ಸಿ ಉಳ್ಸೋದು 48, ವೈಫೈ ಒಂದು ಸಲ ತಪ್ಪಿಸಿದ್ರೆ 600. ಮದುವೆಗೆ ಲಕ್ಷ ಸುರಿದು ಎಲೆ ಅಡಿಕೇಲಿ ಉಳ್ಸೋಕೆ ಹೋದಂಗೆ. ನಾನೀಗ ಗಂಟೆಗೊಂದು ರೀಡಿಂಗ್ ತಗೊಂಡು ಚಿಪ್ಪಿನ ಆರ್‌ಟಿಸಿ ಮೆಮೊರೀಲಿ ಇಟ್ಕೋತೀನಿ, ಡೀಪ್ ಸ್ಲೀಪಲ್ಲೂ ಅದು ಅಳಿಸಿ ಹೋಗಲ್ಲ, ಆರು ಗಂಟೆಗೊಮ್ಮೆ ಆರನ್ನೂ ಒಟ್ಟಿಗೆ ಕಳಿಸ್ತೀನಿ. ದಿನಕ್ಕೆ ಸೆನ್ಸರ್ ಖರ್ಚು 0.4 ಎಂಎಎಚ್, ವೈಫೈ 0.7 ಹತ್ರ, ಬರೀ ಮಲಗೋಕೇ 2.4, ಒಟ್ಟು ಮೂರೂವರೆ. ಮಲಗೋ ಖರ್ಚು ಇಷ್ಟಕ್ಕೆ ಇಳೀಬೇಕಂದ್ರೆ ಬೋರ್ಡಿನ ರೆಗ್ಯುಲೇಟರ್ ಕಿತ್ತು ಎಂಸಿಪಿ1700 ಹಾಕಿ ಎಲ್‌ಇಡಿನೂ ಕೀಳ್ಬೇಕಾಯ್ತು. ಅದು 250 ಮಿಲಿಆಂಪಿಗಿಂತ ಜಾಸ್ತಿ ಕೊಡಲ್ಲ, ವೈಫೈ ಎದ್ದೇಳೋ ಕ್ಷಣಕ್ಕೆ ಸಾಲ್ದೆ ವೋಲ್ಟೇಜ್ ಕುಸಿದು, ಅಂದ್ರೆ ಬ್ರೌನ್‌ಔಟ್ ಆಗಿ ರೀಸೆಟ್ ಹೊಡೀತಿತ್ತು, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಸೇರಿಸಿದ ಮೇಲೆ ಸುಮ್ನಾಯ್ತು.

ಇನ್ನೊಂದು, ಮೊದ್ಲು ಓದಿ ಸೆನ್ಸರ್ ಆಫ್ ಮಾಡಿ ಆಮೇಲೆ ವೈಫೈ ಆನ್ ಮಾಡಿ, ಉಲ್ಟಾ ಬೇಡ. ವೋಲ್ಟೇಜನ್ನ ನಂಬರ್ ಮಾಡೋ ಎಡಿಸಿ ಈ ಚಿಪ್ಪಲ್ಲಿ ಎರಡಿದೆ, ವೈಫೈ ಆನ್ ಇದ್ರೆ ಎಡಿಸಿ2 ಪಿನ್‌ಗಳು ಕೆಲ್ಸಾನೇ ಮಾಡಲ್ಲ, ಎಡಿಸಿ1ರಲ್ಲೂ ನಂಬರ್ ಕುಣಿಯತ್ತೆ. ನಾನು ಎಡಿಸಿ1ರ 34ನೇ ಪಿನ್ ಬಳಸ್ತಿದೀನಿ.

ಕ್ಯಾಲಿಬ್ರೇಷನ್‌ಗೆ 707 ಪಿಪಿಎಂ ದ್ರಾವಣ ಸಿಗತ್ತೆ. ಎಲ್ಲರೂ ಮಾಡೋದು ಟೇಬಲ್ ಮೇಲೆ ಅರ್ಧ ಗಂಟೆ ಆನ್ ಇಟ್ಟು ಕ್ಯಾಲಿಬ್ರೇಟ್ ಮಾಡಿ, ಆಮೇಲೆ ಹೊಂಡದಲ್ಲಿ ಹತ್ತೇ ಸೆಕೆಂಡಿಗೆ ಓದೋದು. ನಾನು ದ್ರಾವಣದಲ್ಲೂ ಹತ್ತೇ ಸೆಕೆಂಡಿಗೆ ಓದಿ ಸೆಟ್ ಮಾಡ್ದೆ, ಹೊಂಡದಲ್ಲಿ ಹೇಗೋ ಇಲ್ಲೂ ಹಾಗೆ. ಮನೇಲಿ ಆರ್‌ಓ ಸರ್ವಿಸ್‌ಗೆ ಬರೋರ ಪೆನ್ ಮೀಟರ್ ಜೊತೆ ಹೋಲ್ಸಿ ತಲೆ ಕೆಡ್ಸ್ಕೋಬೇಡಿ, ಕೆಲವು ಮೀಟರ್ ಇಸಿನ 0.5ರಿಂದ ಗುಣಿಸತ್ತೆ, ಕೆಲವು 0.7ರಿಂದ, ಒಂದೇ ಲೋಟದ ನೀರಿಗೆ ಎರಡು ನಂಬರ್ ಬಂದ್ರೆ ಎರಡೂ ಸರಿ ಇರಬಹುದು.

ಪಿಎಚ್ ಕೂಡ ಇರ್ಲಿ ಅಂತ ಅದೇ ಡಬ್ಬಿಗೆ ಒಂದು ಪಿಎಚ್ ಪ್ರೋಬ್ ಸೇರಿಸಿದ್ದೆ, ಅದು ಎಬ್ಬಿಸಿದ ರಂಪ ಬೇರೆ. ಟಿಡಿಎಸ್ ಆನ್ ಇದ್ದಾಗ ಪಿಎಚ್ ಒಂದೊಂದು ಸಲ ಒಂದೊಂದು ಹೇಳತ್ತೆ, ಯಾಕಂದ್ರೆ ಟಿಡಿಎಸ್ ಅದೇ ನೀರಿಗೆ ಸಿಗ್ನಲ್ ಬಿಡ್ತಿದೆ, ಪಿಎಚ್ ಗಾಜಿನ ಪ್ರೋಬ್ ಒಂದು ಪಿಎಚ್‌ಗೆ 59 ಮಿಲಿವೋಲ್ಟ್ ಕೊಡೋ ಸೂಕ್ಷ್ಮ ಜೀವ, ಪಕ್ಕದ ಮನೆ ಗಲಾಟೆ ಎಲ್ಲಾ ಅದಕ್ಕೆ ಕೇಳ್ಸತ್ತೆ. ಒಂದನ್ನ ಆಫ್ ಮಾಡಿ ಇನ್ನೊಂದನ್ನ ಆನ್ ಮಾಡ್ಬೇಕು. ಅದೂ ಪ್ಲಸ್ ಲೈನ್ ಕತ್ತರಿಸ್ಬೇಕು, ಗ್ರೌಂಡ್ ಕತ್ತರಿಸಿದ್ರೆ ಕರೆಂಟು ನೀರು ಮತ್ತೆ ಇನ್ನೊಂದು ಪ್ರೋಬ್ ಮೂಲಕ ದಾರಿ ಹುಡ್ಕೊಂಡು ಹೋಗತ್ತೆ. ಪಿಎಚ್‌ಗೆ ಹತ್ತು ಸೆಕೆಂಡ್ ಸಾಲಲ್ಲ, ಅಗ್ಗದ ಬೋರ್ಡ್‌ಗಳಲ್ಲಿ ನಿಲ್ಲೋಕೆ ಒಂದು ನಿಮಿಷದ ತನಕ ಬೇಕು. ಮತ್ತೆ ಆ ಗಾಜು ಒಣಗಿದ್ರೆ ಕಥೆ ಮುಗೀತು, ಏಪ್ರಿಲ್‌ನಲ್ಲಿ ಹೊಂಡದ ನೀರು ಇಳಿದು ಪ್ರೋಬ್ ಗಾಳೀಲಿ ನೇತಾಡಿ ನನ್ನದು ಹಾಗೇ ಹೋಯ್ತು. ಮೀನು ಸಾಕೋರು ಆಕ್ಸಿಜನ್ ಸೆನ್ಸರ್ ಕೇಳ್ತಾರೆ, ಅದ್ರಲ್ಲಿ ಪೋಲರೋಗ್ರಾಫಿಕ್ ಅಂತ ಬರತ್ತಲ್ಲ ಅದಕ್ಕೆ ಪ್ರತಿ ಸಲ 5ರಿಂದ 15 ನಿಮಿಷ ವಾರ್ಮ್ ಅಪ್ ಬೇಕು, ಬ್ಯಾಟರೀಲಿ ನಡ್ಸೋರಿಗೆ ಗ್ಯಾಲ್ವಾನಿಕ್ ಅನ್ನೋ ಇನ್ನೊಂದು ಬಗೆ ವಾಸಿ.

ಸೆನ್ಸರಿನ ಮೇಲೆ ನನ್ನ ದೂರು ಅಂದ್ರೆ ಕೇಬಲ್ ಒಂದು ಮೀಟರ್ ಕೂಡ ಇಲ್ಲ, ಪ್ರೋಬ್ ನೀರಲ್ಲಿ ಇರಬಹುದು ಆದ್ರೆ ಕನೆಕ್ಟರ್ ಮತ್ತೆ ಬೋರ್ಡ್ ನೆನೆಯೋ ಹಾಗಿಲ್ಲ, ನಾನು ಖಾಲಿ ಎಣ್ಣೆ ಕ್ಯಾನ್ ಒಂದನ್ನ ತೇಲಿಬಿಟ್ಟು ಅದಕ್ಕೆ ಪ್ರೋಬ್ ಕಟ್ಟಿದೀನಿ, ನೀರು ಇಳಿದ್ರೂ ಏರಿದ್ರೂ ಜೊತೆಗೇ ಹೋಗತ್ತೆ. ಹೊಂಡದಲ್ಲಿ ಪಾಚಿ ಕಟ್ಟತ್ತೆ, ತಿಂಗಳಿಗೊಮ್ಮೆ ವಿನೆಗರ್‌ನಲ್ಲಿ ಅದ್ದಿ ಹಳೇ ಟೂತ್ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜೋದು, ಈ ಕೆಲ್ಸ ಮಾವ ವಹಿಸ್ಕೊಂಡಿದಾರೆ. ನಿಮ್ಮ ಬೋರ್ ನೀರು 1000 ದಾಟಿದ್ರೆ ಈ ಸೆನ್ಸರ್ ತಗೋಬೇಡಿ, ಮೇಲೆ ತಲೆ ತಗುಲಿ ಅಲ್ಲೇ ನಿಲ್ಲತ್ತೆ, ಇಸಿ ಪ್ರೋಬ್‌ಗೇ ದುಡ್ಡು ಹಾಕಿ. ನಿಖರತೆ ಪೂರ್ತಿ ಸ್ಕೇಲಿನ ಶೇಕಡಾ 10, ಅಂದ್ರೆ 100 ಪಿಪಿಎಂ ಆಚೀಚೆ ಇದ್ರೂ ಅದು ಮಾತು ತಪ್ಪಿದಂಗಲ್ಲ. ಕ್ಯಾಲಿಬ್ರೇಟ್ ಮಾಡಿದ ಮೇಲೆ ನಂಗೆ ಅದಕ್ಕಿಂತ ಎಷ್ಟೋ ಚೆನ್ನಾಗಿ ಬರ್ತಿದೆ.

ಊರಲ್ಲಿ ಎಲ್ರೂ ಕೇಳೋದು ಒಂದೇ, ಇದ್ರಲ್ಲಿ ಫ್ಲೋರೈಡ್ ಗೊತ್ತಾಗತ್ತಾ ಅಂತ, ಕೋಲಾರದ ಕಡೆ ಕೇಳ್ಬೇಕಾದ ಪ್ರಶ್ನೆನೇ ಅದು. ಗೊತ್ತಾಗಲ್ಲ. ಕುಡಿಯೋ ನೀರಿನ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ದಿದ್ರೆ 2000 ತನಕ, ಫ್ಲೋರೈಡ್ ಆದ್ರೆ 1, ಹೆಚ್ಚಂದ್ರೆ 1.5. ಆ ಒಂದು ಒಂದೂವರೆ ಮಿಲಿಗ್ರಾಂ 640ರೊಳಗೆ ಎಲ್ಲಿ ಅಡಗಿ ಕೂತಿದೆ ಅಂತ ಈ ಎರಡು ಕಡ್ಡಿಗೆ ಹೇಗೆ ತಿಳೀಬೇಕು. ಅದಕ್ಕೆ ನೀರನ್ನ ಲ್ಯಾಬಿಗೇ ಕೊಡ್ಬೇಕು.

ಐದು ತಿಂಗಳಿಂದ ಸೆಲ್ ಚಾರ್ಜ್ ಮಾಡಿಲ್ಲ, ಇವತ್ತು ಬೆಳಗ್ಗೆ 3.96 ವೋಲ್ಟ್ ಇತ್ತು. ಹೊಂಡ 372. ಮಾವಂಗೆ ಫೋನ್ ಮಾಡಿ ಇವತ್ತು ಬೋರ್ ಬಿಡ್ಬೇಡಿ ಅಂದೆ, "ಬಿಟ್ಟಾಯ್ತಲ್ಲ ಅಳಿಯಂದ್ರೇ, ಮಧ್ಯರಾತ್ರಿನೇ ಕರೆಂಟ್ ಬಂತು" ಅಂದ್ರು.